ಒಂದು ಕೈ ಬೆನ್ನ ಹಿಂದೆ

“ಅಮ್ಮ, ನಾನು ಮಾತಾಡೋದು ನಿಲ್ಲಿಸಿದ ಕೂಡ್ಲೇ ಸ್ವಿಚ್ ಆಫ್ ಮಾಡು. ಏನೇ ಆದ್ರೂ ನನ್ನ ಮಾತ್ರ ಮುಟ್ಟಬೇಡ,” ಎಂದಳು ಅಪರ್ಣ.

ಕಮಲಾಕ್ಷಮ್ಮ ಗೋಡೆಯ ಸ್ವಿಚ್ಚಿನ ಕಡೆ ನೋಡಿದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಮನೆಯ ಊಟದ ಮೇಜಿನ ಮೇಲೆ, ಮಗಳು ಗಿಟಾರಿನ ಆಂಪ್ಲಿಫೈಯರನ್ನು ಬೋರಲು ಹಾಕಿ ಅದರ ಹೊಟ್ಟೆ ಬಿಚ್ಚಿಟ್ಟುಕೊಂಡು ಕೂತಿದ್ದಳು. ಹಳೇ ಕಾಲದ ರೇಡಿಯೊಗಳಲ್ಲಿದ್ದಂಥ ಗಾಜಿನ ವಾಲ್ವುಗಳ ಯಂತ್ರ ಅದು. ನಾಲ್ಕು ದಿನದಿಂದ ಹತ್ತು ನಿಮಿಷ ನುಡಿದು, ಕರಕರ ಎಂದು, ಆಮೇಲೆ ಮೂಕವಾಗುತ್ತಿತ್ತು. ಸಂಜೆ ಐದಕ್ಕೆ ಅಪರ್ಣಳ ಕಾರ್ಯಕ್ರಮ. ಬೆಂಗಳೂರಿಗೆ ಒಯ್ದು ರಿಪೇರಿ ಮಾಡಿಸಿ ತರುವಷ್ಟು ಹೊತ್ತಿಲ್ಲ. ಒಳಗೆ ನಾನೂರು ವೋಲ್ಟು ಇದೆಯಂತೆ. ಸಾರಿಗೆ ಉಪ್ಪು ಸಾಲದು ಎನ್ನುವಷ್ಟೇ ಸಲೀಸಾಗಿ ಮಗಳು ಆ ಮಾತು ಹೇಳಿದ್ದಳು.

ಆದರೆ ಕಮಲಾಕ್ಷಮ್ಮನವರ ಕಣ್ಣು ಕುಕ್ಕಿದ್ದು ಬೇರೆ. ಮಗಳು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈ ಒಂದನ್ನೇ ಮುಂದೆ ಮಾಡಿದ್ದಳು. ಗುಬ್ಬಿಯ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದ ಅವರು ಎಷ್ಟು ಮಕ್ಕಳಿಗೆ ಎಡಗೈ ಬಿಡಿಸಿದ್ದರೋ ಅವರಿಗೇ ನೆನಪಿಲ್ಲ. ಸ್ವಂತ ಮಗಳಿಗಂತೂ ಶಾಲೆಯಲ್ಲೂ ಏಟು, ಮನೆಯಲ್ಲೂ ಏಟು. ಅವಳು ಬಲಗೈಯಲ್ಲಿ ಬರೆದಳು, ಉಂಡಳು, ಕೊಟ್ಟಳು, ತೆಗೆದುಕೊಂಡಳು. ಹದಿನೈದನೇ ವರ್ಷಕ್ಕೆ ಗಿಟಾರು ಸಿಕ್ಕಾಗ ಮಾತ್ರ ಅದನ್ನು ಎಡಗೈಯಲ್ಲಿ ಮೀಟುವಂತೆ ತಿರುಗಿಸಿ ಹಿಡಿದುಬಿಟ್ಟಳು. ಆ ಒಂದು ವಿಷಯದಲ್ಲಿ ಸೋತದ್ದು ತಾಯಿಗೆ ಇವತ್ತಿಗೂ ಅರಗಿರಲಿಲ್ಲ.

“ಪ್ರಾಣದ ಜೊತೆ ಆಡೋವಾಗ್ಲಾದ್ರೂ ಬಲಗೈಲಿ ಮಾಡಬಾರ್ದೇನೇ?”

“ನಡುಗದೇ ಇರೋದು ಈ ಕೈ ಒಂದೇ ಅಮ್ಮ.”

“ಹಾಗಾದ್ರೆ ಎರಡೂ ಹಾಕು. ಆ ಕೈ ಯಾಕೆ ಬಚ್ಚಿಟ್ಕೊಂಡಿದೀಯ?”

“ಎರಡು ಕೈ ಹಾಕಿದ್ರೆ ಕರೆಂಟು ಒಂದ್ರಲ್ಲಿ ಹತ್ತಿ ಇನ್ನೊಂದ್ರಲ್ಲಿ ಇಳಿಯುತ್ತೆ. ಮಧ್ಯೆ ಎದೆ ಇದೆಯಲ್ಲ.”

ಕರೆಂಟು ಹರಿಯದಂಥ ಒಣಗಿದ ಮರದ ಕಡ್ಡಿ ಯಾವುದಾದರೂ ಕೊಡು ಎಂದು ಮಗಳು ಕೇಳಿದಾಗ, ಕಮಲಾಕ್ಷಮ್ಮ ಗುಬ್ಬಿ ಸಂತೆಯಲ್ಲಿ ಕೊಂಡು ಇನ್ನೂ ನೀರು ಮುಟ್ಟಿಸದ ಮರದ ಸೌಟನ್ನು ಒಲ್ಲದ ಮನಸ್ಸಿನಿಂದ ಕೊಟ್ಟರು. ಆಮೇಲೆ ಹೋಗಿ ಸ್ವಿಚ್ ಹಾಕಿ, ಅದರ ಮೇಲೆ ಬೆರಳಿಟ್ಟೇ ನಿಂತರು. ಗಾಜಿನೊಳಗೆ ಕಿತ್ತಳೆ ಬಣ್ಣದ ಬೆಳಕು ನಿಧಾನವಾಗಿ ಮೂಡಿತು.

“ಇದಲ್ಲ… ಇದೂ ಅಲ್ಲ…” ಅಪರ್ಣ ಸೌಟಿನ ಹಿಡಿಯ ತುದಿಯಿಂದ ಒಂದೊಂದೇ ಬೆಸುಗೆಯನ್ನು ತಟ್ಟುತ್ತ ಹೋದಳು. ಎಳೆ ಮಗುವಿನ ಬೆನ್ನು ತಟ್ಟುವಷ್ಟು ಮೆತ್ತಗೆ. ಅಷ್ಟೊಂದು ತಂತಿಗಳ ನಡುವೆ ಆ ಕೈ ಎಲ್ಲೂ ತಡವರಿಸಲಿಲ್ಲ, ಎಲ್ಲೂ ಅವಸರ ಮಾಡಲಿಲ್ಲ. ಕಮಲಾಕ್ಷಮ್ಮ ಆ ಕೈಯನ್ನು ಹೊಡೆದಿದ್ದರು, ಗದರಿದ್ದರು. ನೋಡಿದ್ದು ಇದೇ ಮೊದಲು.

ಠಪ್ ಎಂದಿತು ಸ್ಪೀಕರು. ಅಪರ್ಣ ಅಲ್ಲೇ ಮತ್ತೊಮ್ಮೆ ತಟ್ಟಿದಳು. ಮತ್ತೆ ಠಪ್!

“ಸಿಕ್ತು! ಬೆಸುಗೆ ಬಿಟ್ಕೊಂಡಿದೆ. ಆಫ್ ಮಾಡಮ್ಮ!”

ಕಮಲಾಕ್ಷಮ್ಮ ಸ್ವಿಚ್ ಆರಿಸಿದರು, ಸಾಲದೆಂದು ಪ್ಲಗ್ಗನ್ನೂ ಕಿತ್ತು ಹಾಕಿದರು. ವಾಲ್ವುಗಳ ಬೆಳಕು ಕಂದಿತು. ಸದ್ಯ, ಗಂಡಾಂತರ ಕಳೆಯಿತು. ಖುಷಿಯಲ್ಲಿ ಮಗಳು ಕೈಬಿಟ್ಟ ಸೌಟು ಯಂತ್ರದೊಳಗೆ ಅಡ್ಡಬಿದ್ದಿತ್ತು. ಹೊಸ ಸೌಟು, ಮಸಿ ಹತ್ತೀತೆಂದು ಅದನ್ನೆತ್ತಲು ಬಗ್ಗಿದರು.

ಎಡಗೈ ಎಲ್ಲಿಂದ ಬಂತೋ, ಅವರ ಮಣಿಕಟ್ಟನ್ನು ಗಾಳಿಯಲ್ಲೇ ಗಟ್ಟಿಯಾಗಿ ಹಿಡಿದುಬಿಟ್ಟಿತು. ಬೆರಳಿಗೂ ತಂತಿಗೂ ನಡುವೆ ಒಂದಂಗುಲ ಇರಲಿಲ್ಲ.

“ಆಫ್ ಮಾಡಿದೀನಲ್ಲೇ!”

“ಅದಕ್ಕಿನ್ನೂ ಜೀವ ಇದೆ ಅಮ್ಮ. ಈ ಡಬ್ಬಿಗಳೊಳಗೆ ಕರೆಂಟು ಹಾಗೇ ಕೂತಿರುತ್ತೆ. ಬೇಕಾದ್ರೆ ನೋಡು.” ಅಪರ್ಣ ಒಂದೇ ಕೈಯಲ್ಲಿ ವೋಲ್ಟು ಅಳೆಯುವ ಮೀಟರಿನ ಕ್ಲಿಪ್ಪು ಸಿಕ್ಕಿಸಿದಳು. ಮುನ್ನೂರ ಹತ್ತು ಎಂದು ತೋರಿಸಿತು. ಉಳಿದ ಕರೆಂಟನ್ನು ಇಳಿಸುವ ಇನ್ನೊಂದು ತಂತಿ ಸಿಕ್ಕಿಸಿದ ಮೇಲೆ ಅಂಕಿ ಇಳಿಯತೊಡಗಿತು. ಕಮಲಾಕ್ಷಮ್ಮ ಒಂದನೇ ತರಗತಿಯ ಮಗುವಿನ ಹಾಗೆ ಗಟ್ಟಿಯಾಗಿ ಓದಿದರು. “ಇನ್ನೂರು… ತೊಂಬತ್ತು… ಹನ್ನೆರಡು… ಸೊನ್ನೆ.” ಓದಿ ಮುಗಿಸಿ ಕುರ್ಚಿ ಎಳೆದುಕೊಂಡು ಕೂತರು.

ಬೆಸುಗೆ ಹಾಕುವುದು ಐದು ನಿಮಿಷದ ಕೆಲಸವಾಯಿತು. ಎಲ್ಲ ಮುಚ್ಚಿ, ಪ್ಲಗ್ಗು ಹಾಕಿ, ಗಿಟಾರು ಸಿಕ್ಕಿಸಿ, ಅಪರ್ಣ ಒಂದೇ ಒಂದು ತಂತಿ ಮೀಟಿದಳು. ತುಂಬಿದ ಬಿಂದಿಗೆಯಂಥ ದನಿ ಮನೆಯೆಲ್ಲ ಹರಡಿತು. ಸ್ಟ್ಯಾಂಡಿನಲ್ಲಿದ್ದ ಲೋಟಗಳು ಸಣ್ಣಗೆ ಝೇಂಕರಿಸಿದವು. ನುಡಿಸುತ್ತ ನುಡಿಸುತ್ತ ಹತ್ತು ನಿಮಿಷ ಕಳೆಯಿತು, ಹದಿನೈದೂ ಕಳೆಯಿತು. ಕರಕರ ಇಲ್ಲ. ಕಮಲಾಕ್ಷಮ್ಮನವರ ಕಣ್ಣು ತಂತಿಗಳ ಮೇಲೆ ಓಡಾಡುತ್ತಿದ್ದ ಆ ಐದು ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

ಎದ್ದು ಒಳಗೆ ಹೋಗಿ ಡಬ್ಬದಿಂದ ಒಂದು ಕೊಬ್ಬರಿ ಮಿಠಾಯಿ ತಂದರು. ಅಪರ್ಣ ಗಿಟಾರು ಪಕ್ಕಕ್ಕಿಟ್ಟು, ಬಲಗೈಯನ್ನು ಚೂಡಿದಾರಕ್ಕೆ ಒರೆಸಿಕೊಂಡು ಮುಂದೆ ಮಾಡಿದಳು.

ಕಮಲಾಕ್ಷಮ್ಮ ಕೊಡಲಿಲ್ಲ.

“ಅದಲ್ಲ,” ಎಂದರು, ತರಗತಿಯ ಅದೇ ಗಡಸು ಗಂಟಲಿನಲ್ಲಿ. “ಕೆಲಸ ಮಾಡಿದ ಕೈ ಚಾಚು.”