ಹುಲ್ಲಿನ ಮೆದೆ

ಆ ಮನುಷ್ಯ ಮತ್ತೆ ಬಂದಿದ್ದ. ಹೆಗಲಲ್ಲಿ ಅದೇ ಖಾಕಿ ಚೀಲ, ಕೈಯಲ್ಲಿ ಅದೇ ಅಳತೆಯ ಟೇಪು. ಬದುವಿನ ಮೇಲೆ ನಿಂತು ಮಂಟಯ್ಯನ ಹೊಲವನ್ನು ಮೂಲೆ ಬಿಡದೆ ನೋಡುತ್ತಿದ್ದ. ಹೆಸರು ಶಿವಶಂಕರ, ಊರು ಮೈಸೂರು ಎಂದು ಹೇಳಿಕೊಂಡಿದ್ದ. ಯಾರು ಕಂಡರು!

"ಬಂದ ಕಣಮ್ಮೀ ನಿಧಿಕಳ್ಳ," ಎಂದ ಮಂಟಯ್ಯ ಹೆಂಡತಿಗೆ, ಹಲ್ಲು ಕಚ್ಚಿಕೊಂಡು.

ರಾಚಮ್ಮ ಬದುವಿನತ್ತ ತಿರುಗಿ ನೋಡಿದಳು. ಹೋದ ವರ್ಷ ಪಕ್ಕದೂರಿಗೂ ಇಬ್ಬರು ಹೀಗೇ ಬಂದಿದ್ದರು. ಸರ್ಕಾರದವರು ಎಂದಿದ್ದರು. ಬೆಣ್ಣೆಯಂಥ ಮಾತು. ಅವರು ಹೋದ ಮೇಲೆ ನೋಡಿದರೆ ಅಲ್ಲಿಯ ಪಾಂಡವರ ಮನೆಯ ಹಳೇ ಕಲ್ಲುಗಳು ಚೂರುಚೂರು. ಅಗೆದ ಗುಂಡಿಯಲ್ಲಿ ಒಡೆದ ಮಡಕೆ, ಹಿಂಡಿದ ನಿಂಬೆಹಣ್ಣು.

ಮಂಟಯ್ಯನ ಹೊಲದಲ್ಲೂ ಅಂಥದೊಂದು ಪಾಂಡವರ ಮನೆ ಇತ್ತು. ಸೊಂಟದೆತ್ತರದ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಯಾರು ಕಟ್ಟಿದರೋ, ಯಾವ ಕಾಲವೋ. ಹೊಸ ರಾಗಿಯ ಮೊದಲ ಮುದ್ದೆಯನ್ನು ಆ ಕಿಂಡಿಯೊಳಗೆ ಇಟ್ಟ ಮೇಲೇ ಮನೆಯವರು ತುತ್ತೆತ್ತುವುದು. ಅಪ್ಪ, ತಾತ ಕಾಪಾಡಿಕೊಂಡು ಬಂದದ್ದು ತನ್ನ ಕಾಲದಲ್ಲಿ ಹಾಳಾದರೆ ತಲೆಯೆತ್ತಿ ತಿರುಗುವುದು ಹೇಗೆ? ಮಂಟಯ್ಯನ ನಿದ್ದೆ ಕೆಡಿಸಿದ್ದು ಇದೊಂದೇ.

ಹೊಸ ಕಾಲುವೆ ಈ ಹೊಲದ ಮೇಲೆಯೇ ಬರುವುದಿತ್ತು. ಅದರ ಹೆದರಿಕೆ ಅವನಿಗಿರಲಿಲ್ಲ. ಮಾರಿಗುಡಿ ಅಡ್ಡ ಬಂದಾಗ ಕಾಲುವೆ ಸುತ್ತಿಕೊಂಡು ಹೋಗಿತ್ತು. ಇಲ್ಲಿಯೂ ಕಲ್ಲು ತೋರಿಸಿದರಾಯಿತು. ಅಗೆಯುವ ಬುಲ್ಡೋಜರು ಯಾಕೋ ವಾರದಿಂದ ದಿಬ್ಬದ ಮೇಲೆ ಸುಮ್ಮನೆ ನಿಂತಿತ್ತು.

ಕಳ್ಳನಿಗೆ ಮಾತ್ರ ಕಲ್ಲು ಕಾಣಬಾರದು. ಈ ಮನುಷ್ಯನ ಸುದ್ದಿ ಕಿವಿಗೆ ಬಿದ್ದ ದಿನವೇ ಮಂಟಯ್ಯ ಕಲ್ಲುಗಳ ಮೇಲೆ ರಾಗಿಹುಲ್ಲಿನ ಮೆದೆ ಒಟ್ಟಿಬಿಟ್ಟಿದ್ದ. ಕಣ ಬಿಟ್ಟು ಹೊಲದ ನಡುವೆ ಮೆದೆಯೇ ಎಂದು ಊರು ನಕ್ಕಿತು. ನಗಲಿ.

ಶಿವಶಂಕರ ಬಿಸಿಲಿಗೆ ಸೋತು ಬಂದು ನೇರ ಮೆದೆಗೇ ಒರಗಿ ಕುಳಿತ. ಮಜ್ಜಿಗೆ ತಂದ ರಾಚಮ್ಮ ಚೊಂಬನ್ನು ದೂರದಿಂದಲೇ ಚಾಚಿದಳು.

"ಪಾಂಡವರ ಮನೆ ಇಲ್ಲೇ ಎಲ್ಲೋ ಇದೆ ಅಂತಾರೆ ಯಜಮಾನ್ರೇ. ಬೇರೆಯವರು ಬರೋಕೆ ಮುಂಚೆ ನಾನು ನೋಡಬೇಕು."

"ಬ್ಯಾರೆಯವ್ರು ಅಂದ್ರೆ ಯಾರ್ ಸ್ವಾಮಿ?"

"ನನ್ನಷ್ಟು ತಾಳ್ಮೆ ಇಲ್ಲದವರು."

ಇವನ ಹಿಂದೆ ಇನ್ನೂ ಕಳ್ಳರಿದ್ದಾರೆ ಎಂದುಕೊಂಡ ಮಂಟಯ್ಯ. ಆದರೂ ಮುಖ ಬದಲಿಸಲಿಲ್ಲ. "ಇಲ್ಲಿ ಉಲ್ಲು ಬುಟ್ರೆ ಏನೂ ಇಲ್ಲ ಕಣ್ ಸ್ವಾಮಿ."

"ಹಾಗಾದ್ರೆ ಏನೂ ಇಲ್ಲ ಅಂತಲೇ ಅವರಿಗೆ ಹೇಳಿಬಿಡ್ಲಾ?"

"ಯೋಳ್ಬುಡಿ."

ಅವನು ಬಟ್ಟೆಗಂಟಿದ ಹುಲ್ಲು ಕೊಡವಿಕೊಂಡು ಹೊರಟುಹೋದ. ಸಂಜೆ ದಿಬ್ಬದ ಮೇಲೆ ಬುಲ್ಡೋಜರು ಗುಡುಗಿತು. ಇಲ್ಲಿಗೆ ಬರಲು ಇನ್ನೂ ನಾಕು ದಿನ ಬೇಕು, ಅಷ್ಟರಲ್ಲಿ ಮೆದೆ ತೆಗೆದರಾಯಿತು ಎಂದುಕೊಂಡ ಮಂಟಯ್ಯ, ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಮಾರನೆಯ ದಿನ ಗಂಡಹೆಂಡತಿ ಕೋಟೆ ಪಟ್ಟಣದ ಸಂತೆ ಮುಗಿಸಿ ಬರುವಾಗ ಹೊಲದ ತುಂಬ ಹುಲ್ಲು ಚೆಲ್ಲಿತ್ತು. ಚಪ್ಪಡಿಗಳು ಪುಡಿಯಾಗಿದ್ದವು. ಕಿಂಡಿಯ ಕಲ್ಲು ಸೀಳಿ ಎರಡಾಗಿತ್ತು. ಬುಲ್ಡೋಜರು ಆಗಲೇ ಆಚೆ ಬದು ದಾಟಿತ್ತು.

"ಮಾರಿಗುಡೀನ ಸುತ್ಕೊಂಡ್ ವೋದೋರು, ಇದ್ನ್ಯಾಕ್ರಪ್ಪಾ ಒಡುದ್ರಿ?" ಮಂಟಯ್ಯ ಮಣ್ಣಲ್ಲೇ ಕುಸಿದು ಗೋಳಾಡಿದ.

ಕಾಲುವೆ ಮೇಸ್ತ್ರಿ ಗಂಗಾಧರಪ್ಪ ಪೆಚ್ಚಾಗಿ ನಿಂತ. "ಉಲ್ಲಿನ್ ಒಳ್ಗೆ ಕಲ್ಲೈತೆ ಅಂತ ನಮ್ಗೇನ್ ಗೊತ್ತು ಯಜಮಾನ್ರೇ? ಇಂತಾ ಕಲ್ಲಿದ್ರೆ ಕಾಲ್ವೆ ತಿರುಗಿಸ್ಲೇಬೇಕು ಅಂತ ಒಬ್ರು ಜಗಳ ಆಡಿ ವಾರದಿಂದ ಮಿಷಿನ್ ನಿಲ್ಸಿದ್ರು. ಪಾಪ, ಊರೂರು ಸುತ್ತಿ ಉಡುಕಿದ್ರು."

"ಯಾರು?"

"ಖಾಕಿ ಚೀಲದೋರು ಕಣ್ರೀ. ಏನೂ ಇಲ್ಲ ಅಂತ ನೀವೇ ಯೋಳುದ್ರಂತಲ್ಲ."