ನುಣ್ಣಗೆ ಸುಲಿದ ತತ್ತಿ

ಅಥವಾ ಅದು ಮಧ್ಯಾಹ್ನವೇ ಅಲ್ಲವೇನೋ. ನೆನಪು ತನಗೆ ಬೇಕಾದ ಬಿಸಿಲನ್ನು ತಾನೇ ಹಾಕಿಕೊಳ್ಳುತ್ತದೆ. ಈಗ ತತ್ತಿ ಬೇಯುವ ವಾಸನೆ ಬಂದರೆ ಕಾಣುವುದು ಮಕ್ತಲ್‌ನ ನಮ್ಮ ಹಿತ್ತಲು.

ತೆಲಂಗಾಣಕ್ಕಾಗಿ ಮುಷ್ಕರ ನಡೆದು ಶಾಲೆ, ಬಸ್ಸು ಎರಡೂ ನಿಂತಿದ್ದವು. ಕ್ಷಯದಿಂದ ಸೊರಗಿದ್ದ ಅವ್ವನನ್ನು ರಾಯಚೂರಿಗೆ ಒಯ್ಯಲಾಗಲಿಲ್ಲ. ದಿನಕ್ಕೊಂದು ತತ್ತಿ ಕೊಡಿ ಎಂದು ಅಲ್ಲಿನ ಡಾಕ್ಟರು ಮೊದಲೇ ಹೇಳಿದ್ದರು. ಲಿಂಗ ಕಟ್ಟುವ ಮನೆ ನಮ್ಮದು. ತತ್ತಿ ಒಳಗೆ ಬರುವಂತಿರಲಿಲ್ಲ. ಅಜ್ಜಿ ಮಲಗಿದ ಮೇಲೆ ಹಿತ್ತಲಲ್ಲಿ ಹಳೆಯ ಡಬ್ಬಿಯಲ್ಲಿ ಒಂದನ್ನು ಬೇಯಿಸಿದೆ.

“ಬೆಣ್ಣಿ ಮುದ್ದಿ ಹಂಗ ನುಣ್ಣಗಿದ್ರ ಕಣ್ಣು ಮುಚ್ಚಿ ತಿಂತೀನಿ. ಇಲ್ಲಂದ್ರ ವಲ್ಲೆ,” ಎಂದಿದ್ದಳು ಅವ್ವ.

ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂತು. ತತ್ತಿ ಕೊಟ್ಟಿದ್ದ ಕುರುಬರ ನೀಲಮ್ಮ ಗೋಡೆಯಾಚೆಯಿಂದ ನಕ್ಕಳು.

“ಇವತ್ತ ಮುಂಜಾನಿ ಕೋಳಿ ಇಟ್ಟಿದ್ದು ಹಿಂಗ ಆಗತೈತಿ, ಹುಚ್ಚಿ. ನಾಕ್ ದಿನದ್ದು ತಗೊ. ನೀರು ಕುದ್ದಮ್ಯಾಲೆ ಬಿಡು, ಬೆಂದಕೂಡ್ಲೆ ತಣ್ಣೀರಿಗೆ ಹಾಕು.”

“ತಾಜಾ ಇದ್ರ ಶಕ್ತಿ ಜಾಸ್ತಿ ಅಂತ...”

“ಶಕ್ತಿ ಹೊಟ್ಟ್ಯಾಗ ಹೋದ್ಮ್ಯಾಲ ಅಲ್ಲೇನ?”

ಅವಳು ಕೊಟ್ಟ ಎರಡನೆಯದರ ಸಿಪ್ಪೆ ಸಲೀಸಾಗಿ ಕಳಚಿತು. ಅವ್ವ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಸೆರಗಿನಿಂದ ಮುಚ್ಚಿಕೊಂಡು ತಟ್ಟೆ ಇಸಕೊಂಡಳು.

“ನೀ ಹೊರಗ ಹೋಗವ್ವ. ನೋಡಬ್ಯಾಡ.”

ತಿರುಗಿ ಬಂದಾಗ ತಟ್ಟೆ ಖಾಲಿ. “ಚಲೋ ಸುಲದೀ,” ಎಂದಳು, ಗೋಡೆಯ ಕಡೆ ಮುಖ ಮಾಡಿ. ಕಿಟಕಿಯ ಕೆಳಗೆ ನಾಯಿಯೊಂದು ಬಾಯಿ ನೆಕ್ಕಿಕೊಳ್ಳುತ್ತಿತ್ತು. ಆ ನಾಯಿಯನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಬಸ್ಸುಗಳು ಮತ್ತೆ ಓಡುವ ಹೊತ್ತಿಗೆ ಅವ್ವ ಇರಲಿಲ್ಲ. ಅವಳು ಆ ತತ್ತಿಯನ್ನು ತಿಂದಳೋ ಇಲ್ಲವೋ, ನನಗೆ ಗೊತ್ತಿಲ್ಲ.