‘ಕಾಸು’ ಪದದ ಎರಡು ಚೀಟಿಗಳು

ಉಪಸಂಪಾದಕಿ ಗೇಟಿನ ಹತ್ತಿರ ಓಡಿ ಬರುವಷ್ಟರಲ್ಲಿ ಜವಾನನ ಸೈಕಲ್ಲು ತಿರುವು ದಾಟಿಬಿಟ್ಟಿತ್ತು. ಕ್ಯಾರಿಯರ್ ಮೇಲೆ ಪುಸ್ತಕದ ಕಟ್ಟು. ಹ್ಯಾಂಡಲ್ಲಿಗೆ ನೇತುಹಾಕಿದ ಚೀಲದಲ್ಲಿ ರಸೀದಿ ಪುಸ್ತಕ, ಶಾಯಿಪ್ಯಾಡು. ಕೂಗಿ ಕರೆದರೂ ಏನಂತ ಹೇಳುವುದು? ಆ ಕಟ್ಟಿನಲ್ಲಿದ್ದ ಒಂದು ಪ್ರತಿ, ಭೂಮಿಯ ಮೇಲೆ ಹುಟ್ಟಿಯೇ ಇಲ್ಲದ ಮುದುಕಿಯೊಬ್ಬಳ ಮನೆಗೆ ಹೊರಟಿತ್ತು.

ನಿಘಂಟು ಕಚೇರಿಯ ಕಟ್ಟುಪಾಡೇ ಹಾಗೆ. ಯಾವ ಪದಕ್ಕೆ ಅರ್ಥ ಬರೆದರೂ ನಿಜವಾದ ಮನುಷ್ಯರ ಬಾಯಿಂದ ಕೇಳಿದ ಒಂದು ವಾಕ್ಯ ಚೀಟಿಯಲ್ಲಿರಬೇಕು. ಹೆಸರು ಬೇಡ, ಕಸುಬು, ವಯಸ್ಸು, ವಿಳಾಸ ಸಾಕು. ತಿಂಗಳಿಗೆ ಮೂವತ್ತು ಚೀಟಿ ಆಗದಿದ್ದರೆ ಸಂಬಳಕ್ಕೆ ಕತ್ತರಿ. ಈಗ ಮೊದಲ ಸಂಪುಟ ಅಚ್ಚಾಗಿ ಬಂದಿದೆ. ವಾಕ್ಯ ಕೊಟ್ಟವರಿಗೆ ಒಂದೊಂದು ಪ್ರತಿ ಮನೆಗೇ ಮುಟ್ಟಿಸಿ, ಸಹಿಯೋ ಹೆಬ್ಬೆಟ್ಟೋ ತರಲೇಬೇಕೆಂದು ಆಡಳಿತ ಮಂಡಳಿ ಹಟ ಹಿಡಿದಿತ್ತು. ಊರೊಳಗಿನ ವಿಳಾಸಗಳು ಹದಿನಾಲ್ಕು.

ಅವಳದು ಒಂದೇ ಒಂದು ಸುಳ್ಳು. ಆರು ವರ್ಷದ ಹಿಂದೆ, ಮಗಳು ಜ್ವರದಲ್ಲಿ ಮಲಗಿದ್ದ ತಿಂಗಳು, ಒಂದು ಚೀಟಿ ಕಡಿಮೆ ಬಿದ್ದಿತ್ತು. ಪದ ‘ಕಾಸು’. ನಾಣ್ಯ ಎನ್ನುವ ಅರ್ಥಕ್ಕೆ ಚೀಟಿ ಆಗಲೇ ಇತ್ತು. ಹಣ ಎನ್ನುವುದಕ್ಕೆ ‘ಕೈಲಿ ಕಾಸಿಲ್ಲ’ ಇತ್ತು, ಬೆಲೆ ಎನ್ನುವುದಕ್ಕೆ ‘ಮೂರು ಕಾಸಿನ ಮನುಷ್ಯ’ ಇತ್ತು. ‘ತುಸು’ ಎನ್ನುವ ಅರ್ಥವನ್ನು ಅವಳೇ ಹುಟ್ಟಿಸಿದಳು: ‘ರಾತ್ರಿಯೆಲ್ಲ ಒಂದು ಕಾಸು ನಿದ್ದೆ ಇಲ್ಲ.’ ಹೇಳಿದವರು ತರಕಾರಿ ಮಾರುವಾಕೆ, ವಯಸ್ಸು ಅರವತ್ತು, ಹಳೇ ಪೇಟೆ ಬೀದಿ, ಮೂರನೇ ಮನೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅದೇ ವಾರ, ಅದೇ ಪದಕ್ಕೆ, ಹೊಸದಾಗಿ ಸೇರಿದ್ದ ಸಹಾಯಕನೂ ಒಂದು ಚೀಟಿ ತಂದ. ಎರಡು ಮಕ್ಕಳ ತಂದೆ, ಮಾತು ಕಡಿಮೆ. ಇಸ್ತ್ರಿ ಮಾಡುವ ಮುದುಕಿಯ ಬಾಯಿಂದ ಕೇಳಿದ್ದು ಎಂದು ಬರೆದಿದ್ದ: ‘ಅವನ ಮಾತು ಕಾಸು ಕಣಪ್ಪ, ಎಲ್ಲಿ ಕೊಟ್ಟರೂ ನಡೆಯುತ್ತೆ.’ ನಂಬಬಹುದಾದದ್ದು ಎಂಬ ಅರ್ಥ. ಸಂಪಾದಕರು ಎರಡು ಚೀಟಿಗಳನ್ನೂ ಪಕ್ಕಪಕ್ಕ ಇಟ್ಟರು.

“ಇವೆರಡರಲ್ಲಿ ಒಂದು ಕೂತು ಕಟ್ಟಿದ ಹಾಗಿದೆ. ಯಾವುದಮ್ಮ?” ಎಂದು ಅವಳನ್ನೇ ಕೇಳಿದರು.

ಅವಳ ಬೆರಳು ಅವನ ಚೀಟಿಯ ಕಡೆ ಹೋಯಿತು. “ಇಸ್ತ್ರಿಯವಳು ಇಷ್ಟು ಚೆಂದ ಮಾತಾಡ್ತಾಳಾ ಸರ್?” ಎಂದಳು.

“ಈಗಲೇ ಬನ್ನಿ ಮೇಡಂ, ಮನೆ ತೋರಿಸ್ತೀನಿ,” ಎಂದು ಸಹಾಯಕ ಅಂಗಲಾಚಿದ. ಯಾರೂ ಏಳಲಿಲ್ಲ.

“ಒಬ್ಬರ ಮನೆಗೆ ಹೋದ್ರೆ ಎಲ್ಲರ ಮನೆಗೂ ಹೋಗಬೇಕಾಗುತ್ತೆ,” ಎಂದರು ಸಂಪಾದಕರು. ಉಳಿದವರು ಕಾಗದದಿಂದ ತಲೆ ಎತ್ತಲಿಲ್ಲ. ಸಂಜೆಯೊಳಗೆ ಅವನ ಕೆಲಸ ಹೋಯಿತು. ಸುಳ್ಳು ಚೀಟಿ ಬರೆದವನು ಎಂಬ ಹೆಸರು ಹೊತ್ತವನಿಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ, ಮಕ್ಕಳನ್ನು ಶಾಲೆ ಬಿಡಿಸಿ ಊರೇ ಬಿಟ್ಟ ಎಂದು ಆಮೇಲೆ ಯಾರೋ ಹೇಳಿದರು. ತಾನು ಮಾಡಿದ್ದನ್ನೇ ಅವನೂ ಮಾಡಿರುತ್ತಾನೆ, ಅವನೇನು ಸತ್ಯವಂತನೇ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಬರುವ ಒಂದನೇ ತಾರೀಖಿನಿಂದ ಸಂಪಾದಕರ ಕುರ್ಚಿ ಅವಳದು. ಮೂರನೇ ಮನೆಯಲ್ಲಿ ಅಂಥವರು ಯಾರೂ ಇಲ್ಲ ಎಂದು ಜವಾನ ಬಂದು ಹೇಳಿದರೆ ಸಾಕು, ಇಪ್ಪತ್ತು ವರ್ಷದ ದುಡಿಮೆ ನೀರಲ್ಲಿ ಹೋಮ.

ಮಧ್ಯಾಹ್ನ ಅವಳಿಗೆ ಊಟ ಸೇರಲಿಲ್ಲ. ವಿಚಿತ್ರವೆಂದರೆ, ಅವತ್ತು ಯಾರ ಊಟದ ಡಬ್ಬಿಯೂ ಸದ್ದು ಮಾಡಲಿಲ್ಲ. ಸಂಪಾದಕರು ಮೂರು ಸಲ ಕಿಟಕಿಗೆ ಬಂದು ಗೇಟಿನ ಕಡೆ ನೋಡಿದರು. ಎಲ್ಲರಿಗೂ ತನ್ನ ಮೇಲೇ ಅನುಮಾನ ಎಂದು ಅವಳು ಕೂತಲ್ಲೇ ಬೆವರಿದಳು.

ನಾಲ್ಕು ಗಂಟೆಗೆ ಜವಾನ ಬಂದ. “ಎಲ್ಲಾ ಮುಟ್ಟಿಸಿದೆ ಸರ್,” ಎಂದು ರಸೀದಿ ಪುಸ್ತಕ ಮೇಜಿನ ಮೇಲಿಟ್ಟ. ಸಂಪಾದಕರ ಹೆಗಲ ಹಿಂದಿನಿಂದ ಅವಳೂ ಇಣುಕಿದಳು. ಹದಿನಾಲ್ಕು ಹೆಬ್ಬೆಟ್ಟು. ತರಕಾರಿ ಮಾರುವಾಕೆಯ ಮುಂದೆಯೂ ಅಚ್ಚುಕಟ್ಟಾದ ನೀಲಿ ಗುರುತು. ಸಂಪಾದಕರೇ ಮಾತು ಬರೆದುಕೊಂಡಿದ್ದ ನಿವೃತ್ತ ಮೇಷ್ಟ್ರ ಮುಂದೆಯೂ ಹೆಬ್ಬೆಟ್ಟೇ. “ಭೇಷ್,” ಎಂದು ಸಂಪಾದಕರು ಬೇಗ ಪುಸ್ತಕ ಮುಚ್ಚಿದರು. ಯಾರೋ ಟೀ ತರಿಸಿದರು. ಕಚೇರಿಗೆ ಕಚೇರಿಯೇ ನಗತೊಡಗಿತು.

ಅವಳು ಜವಾನನನ್ನು ದಾಖಲೆ ಕೋಣೆಗೆ ಕರೆದಳು.

“ಹಳೇ ಪೇಟೆ ಬೀದಿಯ ಮುದುಕಿ ಸಿಕ್ಕಿದ್ರಾ?”

“ಹೆಬ್ಬೆಟ್ಟು ಇದೆಯಲ್ಲ ಮೇಡಂ.”

ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವಳಿಂದ ಆಗಲಿಲ್ಲ. “ಅಂಥ ಮುದುಕಿ ಇಲ್ಲವೇ ಇಲ್ಲ. ನಾನೇ ಕಟ್ಟಿ ಬರೆದೆ. ಅದನ್ನ ಮುಚ್ಚೋಕೆ ಒಬ್ಬನ ಅನ್ನ ಕಿತ್ಕೊಂಡೆ. ಈಗಲೇ ಹೋಗಿ ಸರ್‌ಗೆ ಹೇಳಿಬಿಡ್ತೀನಿ.”

ಜವಾನ ಬಾಗಿಲು ಮುಂದೆ ಮಾಡಿದ.

“ಸರ್‌ಗೆ ಏನಂತ ಹೇಳ್ತೀರಿ? ಅವರ ಮೇಷ್ಟ್ರ ಮನೆ ಅಂತ ಬರೆದಿರೋ ಜಾಗದಲ್ಲಿ ನೀರಿನ ಟ್ಯಾಂಕ್ ಇದೆ. ಅದು ಕಟ್ಟಿ ನಲವತ್ತು ವರ್ಷ ಆಯ್ತಂತೆ. ಹದಿನಾಲ್ಕು ಕಡೆಯೂ ಇದೇ ಕತೆ, ಒಬ್ಬರೂ ಇಲ್ಲ. ಎಲ್ಲರ ಹೊಟ್ಟೆಪಾಡು ಅಂತ ನನ್ನ ಹೆಬ್ಬೆಟ್ಟನ್ನೇ ಒತ್ತಿಬಿಟ್ಟೆ.”

ಅವಳು ಕಪಾಟಿಗೆ ಒರಗಿದಳು. ನಾಚಿಕೆಯಾಗುವಷ್ಟು ಎದೆ ಹಗುರವಾಯಿತು. ಆರು ವರ್ಷ ಒಬ್ಬಳೇ ಹೊತ್ತಿದ್ದು ಎಲ್ಲರ ಪಾಪವೇ ಹಾಗಾದರೆ.

“ಅಂದ್ರೆ, ಅವನ ಚೀಟಿಯೂ ಸುಳ್ಳೇ,” ಎಂದಳು.

“ಆ ವಿಳಾಸ ನೀವು ಪಟ್ಟಿಯಿಂದ ಹೊಡೆದು ಹಾಕಿದ್ರಿ. ದಾರಿಯಲ್ಲೇ ಸಿಗುತ್ತಲ್ಲ ಅಂತ ಅಲ್ಲಿಗೂ ಹೋಗಿದ್ದೆ ಮೇಡಂ,” ಎಂದ ಜವಾನ. “ನಿಜವಾಗಿ ಸಿಕ್ಕಿದ್ದು ಆ ಮುದುಕಿ ಒಬ್ಬರೇ. ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು, ‘ನನ್ನ ಮಾತು ಬರ್ಕೊಂಡು ಹೋದೋರು ಚೆನ್ನಾಗಿದ್ದಾರಾ’ ಅಂತ ಕೇಳಿದ್ರು.”